ಹಲ್ಲು ನಮ್ಮದು, ಕುತ್ತಿಗೆ ನೋವು ಡಾಕ್ಟರದ್ದು

ಮುಂದಿನ ಸಲ ಹಲ್ಲಿನ ಡಾಕ್ಟರ ಹತ್ತಿರ ಹೋದಾಗ ಹೆದರಿಕೆ ಬಿಟ್ಟು ಅವರ ಕುತ್ತಿಗೆ ನೋಡಿ. ನಮ್ಮ ಬಾಯಿ ಚಿಕ್ಕದು, ಒಳಗೆ ಕತ್ತಲೆ. ಅದಕ್ಕೇ ಅವರು ಕತ್ತು ಬಗ್ಗಿಸಿ, ಕೈ ಎತ್ತಿ ಹಿಡಿದು, ಅಲುಗಾಡದೆ ಕೂರುತ್ತಾರೆ. ತಲೆಯ ತೂಕ ಸುಮಾರು 5 ಕಿಲೋ. ಬಗ್ಗಿದಷ್ಟೂ ಆ ಭಾರವನ್ನು ಕುತ್ತಿಗೆಯ ಸ್ನಾಯುಗಳೇ ಎಳೆದು ಹಿಡಿಯಬೇಕು.

ನಮ್ಮ ನ್ಯೂ ಸೌತ್ ವೇಲ್ಸ್‌ನ ದಂತವೈದ್ಯರ ಬಗ್ಗೆ 1997ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ, ಉತ್ತರಿಸಿದವರ ಪೈಕಿ 82% ಜನ ಒಂದಲ್ಲ ಒಂದು ಮೂಳೆ-ಸ್ನಾಯುಗಳ ತೊಂದರೆ ಹೇಳಿಕೊಂಡಿದ್ದರು.

ನೋವು ತಡೆಯುವ ದಾರಿಗಳಿವೆ:

• ರೋಗಿಯ ಬಾಯಿ ಡಾಕ್ಟರ ಮೊಣಕೈ ಮಟ್ಟಕ್ಕೆ ಬರುವಂತೆ ಕುರ್ಚಿ ಹೊಂದಿಸುವುದು.
• ಮೇಲಿನ ಹಲ್ಲುಗಳನ್ನು ಬಗ್ಗಿ ನೋಡುವ ಬದಲು ಪುಟ್ಟ ಕನ್ನಡಿಯಲ್ಲಿ ನೋಡುವುದು.
• ಹಲ್ಲನ್ನು ದೊಡ್ಡದಾಗಿ ತೋರಿಸುವ, ಅಳತೆಗೆ ಸರಿಹೊಂದುವ ಲೂಪ್ಸ್ ಕನ್ನಡಕ ಧರಿಸುವುದು.
• ಒಬ್ಬ ರೋಗಿ ಮುಗಿದ ಮೇಲೆ ಎದ್ದು ಮೈ ಸಡಿಲಿಸುವುದು.

ನಾವೂ ಸಹಾಯ ಮಾಡಬಹುದು. “ತಲೆ ಸ್ವಲ್ಪ ಈ ಕಡೆ ತಿರುಗಿಸು” ಎಂದರೆ ಪೂರ್ತಿ ತಿರುಗಿಸಿ. ನೀವು ತಿರುಗಿದಷ್ಟು ಅವರು ಬಗ್ಗುವುದು ತಪ್ಪುತ್ತದೆ.

ಸಿಡ್ನಿಯಲ್ಲಿ ಎಚ್‌ಎಸ್‌ಸಿ, ಮೆಲ್ಬರ್ನ್‌ನಲ್ಲಿ ವಿಸಿಇ ಓದುತ್ತಾ ದಂತವೈದ್ಯರಾಗುವ ಕನಸು ಕಾಣುತ್ತಿದ್ದೀರಾ? ಅಂಕಗಳ ಜೊತೆ ಬೆನ್ನನ್ನೂ ನೋಡಿಕೊಳ್ಳಿ. ಫೋನನ್ನು ಕಣ್ಣಿನ ಮಟ್ಟಕ್ಕೆ ಎತ್ತಿ. ಅರ್ಧ ಗಂಟೆಗೊಮ್ಮೆ ಏಳಿ. ಅಪ್ಪ ಅಮ್ಮಂದಿರೇ, ಲ್ಯಾಪ್‌ಟಾಪ್ ಮುಂದೆ ಕೂತಿರುವ ನಿಮಗೂ ಇದೇ ಮಾತು!