ನನ್ನ ಫ್ರೀಜರ್ ಮತ್ತು ಊರಿನ ಉರುಳು

"ಅಣ್ಣಯ್ಯ, ಬರುವಾಗ ಐಸ್ ಬಾಕ್ಸ್ ಮರೀಬೇಡ ಮಾರಾಯ."

ದೀಪಾವಳಿಗೆ ಊರಿಗೆ ಹೊರಡುವ ಮುನ್ನ ಚಿಕ್ಕಪ್ಪನ ಮಗ ಪ್ರತಿ ವರ್ಷ ಫೋನಿನಲ್ಲಿ ಹೇಳುತ್ತಿದ್ದ ಮಾತಿದು. ತೀರ್ಥಹಳ್ಳಿ ಕಡೆಯ ಕಾಡುಹಂದಿ ಪುಣೆಯ ನನ್ನ ಫ್ಲ್ಯಾಟಿನ ಫ್ರೀಜರ್ ಸೇರುತ್ತಿದ್ದದ್ದು ಹೀಗೆ. ವಾಪಸ್ ಬಂದ ಮೊದಲ ಶನಿವಾರ ಕನ್ನಡದ ಗೆಳೆಯರೆಲ್ಲ ಸೇರುತ್ತಿದ್ದರು. ಅಕ್ಕಿ ಕಡುಬು, ಹಂದಿ ಸಾರು, ಅಜ್ಜನ ಕಾಲದ ಶಿಕಾರಿ ಕಥೆ. ಅದನ್ನೇ ಊರಿನ ರುಚಿ ಎಂದು ಹೆಮ್ಮೆಪಡುತ್ತಿದ್ದೆ. ಅದು ಹೇಗೆ ಸತ್ತಿತು ಎಂದು ನಾನು ಕೇಳಿದ್ದೇ ಇಲ್ಲ.

ಎರಡು ವರ್ಷದ ಹಿಂದೆ ಕಣ್ಣಾರೆ ನೋಡಿದೆ. ನರಕ ಚತುರ್ದಶಿಯ ಬೆಳಿಗ್ಗೆ ಗದ್ದೆ ಬೇಲಿಯ ಹತ್ತಿರ ಚಿರತೆಯೊಂದು ಉರುಳಿಗೆ ಬಿದ್ದಿತ್ತು. ತಂತಿ ಸೊಂಟಕ್ಕೆ ಬಿಗಿದಿತ್ತು. ಎಳೆದಾಡಿದಷ್ಟೂ ಅದು ಇನ್ನಷ್ಟು ಬಿಗಿಯುತ್ತಿತ್ತು. ಸುತ್ತಲಿನ ಮಣ್ಣನ್ನೆಲ್ಲ ಉಗುರಲ್ಲಿ ಕೆರೆದು ಹಾಕಿತ್ತು. ಅರಿವಳಿಕೆ ಕೊಡುವ ವೈದ್ಯರು ಶಿವಮೊಗ್ಗದಿಂದ ಬಂದು ತಲುಪುವ ಹೊತ್ತಿಗೆ ಉಸಿರು ನಿಂತಿತ್ತು.

ಅದು ಬೈಕಿನ ಕ್ಲಚ್ ವೈರ್. ಗ್ಯಾರೇಜಿನಲ್ಲಿ ಪುಡಿಗಾಸಿಗೆ ಸಿಗುವ ವಸ್ತು. ಆ ರಾತ್ರಿ ನಮ್ಮ ಕೊಟ್ಟಿಗೆಯ ಮೊಳೆಯಲ್ಲಿ ಅಂಥದ್ದೇ ನಾಲ್ಕು ವೈರ್ ನೇತಾಡುತ್ತಿದ್ದವು. ಬೇಲಿಯದ್ದು ಯಾರದ್ದೆಂದು ನಾನು ಕೇಳಲಿಲ್ಲ, ಅವನು ಹೇಳಲಿಲ್ಲ. ಇಲಾಖೆಯವರು ವಿಚಾರಿಸಿದಾಗ ಊರಿನವರ ಜೊತೆ ನಾನೂ ಸುಮ್ಮನಿದ್ದೆ. ಅದು ಇವತ್ತಿಗೂ ಚುಚ್ಚುತ್ತದೆ.

ಪುಣೆಗೆ ಬಂದು ಕಾನೂನು ಓದಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕೋವಿ ಹಾರಿಸುವುದಷ್ಟೇ ಬೇಟೆಯಲ್ಲ. ಉರುಳು ಹಾಕುವುದು, ಪ್ರಯತ್ನಿಸುವುದು ಕೂಡ ಬೇಟೆಯೇ. ಚಿರತೆ ಮೊದಲ ಪರಿಚ್ಛೇದದ ಪ್ರಾಣಿ. ಅದನ್ನು ಕೊಂದರೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು. ಕನಿಷ್ಠ ದಂಡವನ್ನು 2022ರ ತಿದ್ದುಪಡಿ 25,000 ರೂಪಾಯಿಗೆ ಏರಿಸಿದೆ. ಕಾನೂನುಬಾಹಿರವಾಗಿ ಬೇಟೆಯಾಡಿದ ಪ್ರಾಣಿಯ ಮಾಂಸ ಇಟ್ಟುಕೊಳ್ಳುವುದೂ ಅಪರಾಧ. ಅಂದರೆ ಕೊಟ್ಟಿಗೆಯಲ್ಲಿ ಶುರುವಾದ ಅಪರಾಧ ನನ್ನ ಫ್ರೀಜರ್‌ವರೆಗೂ ಬಂದಿತ್ತು.

ಫೋನಿನಲ್ಲಿ ಇದನ್ನೆಲ್ಲ ತಮ್ಮನಿಗೆ ಹೇಳಿದೆ. ಅವನು ಸಿಟ್ಟಾದ. "ಒಂದು ರಾತ್ರಿ ಹಂದಿ ಹಿಂಡು ನುಗ್ಗಿದ್ರೆ ಆರು ತಿಂಗಳ ಗದ್ದೆ ಹೋಯ್ತು. ನಿಂಗೆ ಅಲ್ಲಿ ತಿಂಗಳಾದ್ರೆ ಸಂಬಳ ಬರ್ತದೆ. ಇಲ್ಲಿ ರಾತ್ರಿ ಕಾಯೋಕೆ ನೀನು ಬರ್ತೀಯಾ?"

ಉತ್ತರ ಇರಲಿಲ್ಲ. ಅವನ ನಷ್ಟ ಸುಳ್ಳಲ್ಲ. ಆದರೆ ಹಂದಿಗೆ ಹಾಕಿದ ಉರುಳು ಬಂದದ್ದು ಹಂದಿಯೋ, ಚಿರತೆಯೋ, ಹುಲಿಯೋ ಎಂದು ನೋಡುವುದಿಲ್ಲ. ಅದಕ್ಕಿಂತ ದೊಡ್ಡ ಸತ್ಯ ಇನ್ನೊಂದು: ಗದ್ದೆ ಕಾಯಲು ಶುರುವಾದ ಉರುಳಿಗೆ ನಮ್ಮಂಥವರ ನಾಲಿಗೆ ಇನ್ನೊಂದು ಕಾರಣ ಒದಗಿಸಿತ್ತು. ಕೊಯ್ಲು ಮುಗಿದ ಮೇಲೂ ಅವನು ವೈರ್ ಬಿಚ್ಚುತ್ತಿರಲಿಲ್ಲ. ಐಸ್ ಬಾಕ್ಸ್ ತುಂಬಬೇಕಿತ್ತಲ್ಲ.

ಉಪದೇಶ ಬಿಟ್ಟು ನನಗೆ ಗೊತ್ತಿರುವ ಕೆಲಸ ಹಿಡಿದೆ. ಬೆಳೆ ಹಾನಿಯಾದರೆ ಅವನು ಅದೇ ಬೆಳಿಗ್ಗೆ ಗದ್ದೆಯ ಫೋಟೊ, ಪಹಣಿ, ಪಾಸ್‌ಬುಕ್ ಪುಟ ವಾಟ್ಸಾಪ್ ಮಾಡುತ್ತಾನೆ. ಅರಣ್ಯ ಇಲಾಖೆಗೆ ಕೊಡುವ ಪರಿಹಾರದ ಅರ್ಜಿಯನ್ನು ನಾನು ಇಲ್ಲಿಂದ ಸಿದ್ಧಮಾಡಿ ಕಳಿಸುತ್ತೇನೆ. ಒಂದು ಸಲ ದುಡ್ಡು ಬಂತು, ನಷ್ಟದ ಪೂರ್ತಿಯೇನಲ್ಲ. ಇನ್ನೊಂದು ಅರ್ಜಿ ಇನ್ನೂ ಬಾಕಿ. ಹೋದ ವರ್ಷ ಇಬ್ಬರೂ ಸೇರಿ ಗದ್ದೆಗೆ ಸೋಲಾರ್ ಬೇಲಿ ಹಾಕಿಸಿದೆವು. ನನ್ನ ಪಾಲು ಒಂದು ಹೊಸ ಫೋನಿನ ಬೆಲೆಗಿಂತ ಕಡಿಮೆ.

ಈ ದೀಪಾವಳಿಗೆ ಕೊಟ್ಟಿಗೆಯ ಮೊಳೆ ಖಾಲಿಯಿತ್ತು. ಅದರ ಬಗ್ಗೆ ಇಬ್ಬರೂ ಮಾತಾಡಲಿಲ್ಲ.

ನಿಮ್ಮಲ್ಲೂ ಕೆಲವರಿಗೆ ಊರಿಂದ ಇಂಥ ಡಬ್ಬಿ ಬರುತ್ತಿರಬಹುದು. ಬೇಡವೆನ್ನಿ. ಉರುಳು ಕಂಡರೆ 1926ಕ್ಕೆ ಕರೆ ಮಾಡಿ, ಅದು ಕರ್ನಾಟಕ ಅರಣ್ಯ ಇಲಾಖೆಯ ಸಹಾಯವಾಣಿ. ಜೊತೆಗೆ ಊರಲ್ಲಿರುವ ತಮ್ಮನಿಗೆ ಒಂದು ಅರ್ಜಿ ತುಂಬಿಕೊಡಿ. ನಮ್ಮ ಶನಿವಾರದ ಕೂಟ ಈಗಲೂ ನಡೆಯುತ್ತದೆ. ಕಡುಬಿಗೆ ಕೋಳಿ ಸಾರು, ಚೆನ್ನಾಗಿಯೇ ಇರುತ್ತದೆ.