ಬಿಳಿಗಾರದ ಚಿಟಿಕೆ

ಹುಳಿಗೆ ಹಾಕುವಷ್ಟು ಉಪ್ಪನ್ನು ಪಾಯಸಕ್ಕೆ ಹಾಕಿದರೆ ಉಣ್ಣುವವರಿಲ್ಲ. ನಾಶಿಕದಲ್ಲಿ ಹಲವು ವರ್ಷ ಹೋಟೆಲು ನಡೆಸಿದ ನಮಗೆ ಈ ಮಾತು ತಿಳಿಯದುದೇನಲ್ಲ. ಆದರೂ ಗಿಡಗಳ ವಿಷಯದಲ್ಲಿ ಅದನ್ನು ಮರೆತು, ಹಿತ್ತಿಲಿನ ದ್ರಾಕ್ಷಿ ಬಳ್ಳಿಯೊಂದನ್ನು ಕೆಡಿಸಿದೆವು. ಆ ತಪ್ಪಿನಿಂದ ಕಲಿತುದನ್ನು ಈ ಸೀಮೆಯಲ್ಲಿ ಹೊಲ ತೋಟ ಮಾಡಿಕೊಂಡಿರುವ ಬಾಂಧವರ ಮುಂದಿಡುವುದು ನಮ್ಮ ಉದ್ದೇಶ.

ಕಾಸರಗೋಡಿನ ಕಡೆಯ ನಮ್ಮ ಮನೆತೋಟದಲ್ಲಿ ತೆಂಗಿನ ಎಳೆಯ ಗರಿಗಳು ಮುದುಡಿದಾಗ ಬುಡಕ್ಕೆ 50 ಗ್ರಾಂ ಬಿಳಿಗಾರ ಹಾಕುವುದುಂಟು. ಅಲ್ಲಿಯ ಮುರಕಲ್ಲು ಮಣ್ಣಿನ ಬೋರಾನನ್ನು ಜಡಿಮಳೆ ತೊಳೆದೊಯ್ಯುತ್ತದೆ. ಬಿಳಿಗಾರದಲ್ಲಿ ನೂರಕ್ಕೆ ಸುಮಾರು 11 ಪಾಲು ಬೋರಾನ್ ಇದೆ. ನಾಶಿಕದ ನಮ್ಮ ಬಳ್ಳಿಯ ಗೊಂಚಲಿನಲ್ಲಿ ದಪ್ಪ ಹಣ್ಣಿನ ನಡುವೆ ಸಾಸಿವೆಯಂಥ ಸಣ್ಣ ಕಾಯಿಗಳು ಕಂಡವು. ಇದೂ ಬೋರಾನಿನ ಕೊರತೆಯೇ ಎಂದು ಬಗೆದು, ತೆಂಗಿನ ಲೆಕ್ಕವನ್ನೇ ಬಳ್ಳಿಗೂ ಹಿಡಿದೆವು. ಕೆಲವೇ ವಾರಗಳಲ್ಲಿ ಹಳೆಯ ಎಲೆಗಳ ಅಂಚು ಸುಟ್ಟಂತೆ ಕಂದಿತು.

ಬೋರಾನ್ ಇಲ್ಲದೆ ಸಸ್ಯ ಬಾಳಲಾರದೆಂಬುದನ್ನು 1923ರಲ್ಲಿ ಇಂಗ್ಲೆಂಡಿನ ರೋಥಾಮ್‌ಸ್ಟೆಡ್ ಕೃಷಿ ಕೇಂದ್ರದಲ್ಲಿ ಕ್ಯಾಥರೀನ್ ವಾರಿಂಗ್ಟನ್ ಎಂಬ ವಿದುಷಿ ಅವರೆಯಂಥ ಒಂದು ದ್ವಿದಳ ಗಿಡದ ಮೇಲೆ ಪ್ರಯೋಗಿಸಿ ತೋರಿಸಿದರು. ಸಸ್ಯದ ಜೀವಕೋಶಗಳ ಗೋಡೆಯಲ್ಲಿ ಪೆಕ್ಟಿನ್ ಎಂಬ ಅಂಟು ಇರುತ್ತದೆ. ಹಣ್ಣಿನ ಜಾಮನ್ನು ಗಟ್ಟಿಗೊಳಿಸುವುದೂ ಅದೇ. ಆ ಅಂಟಿನ ಎಳೆಗಳನ್ನು ಒಂದಕ್ಕೊಂದು ಹೊಲಿಯುವುದು ಬೋರಾನ್. ಹೂವಿನ ಪರಾಗ ಮೊಳೆತು ಕಾಯಿ ಕಟ್ಟುವುದಕ್ಕೂ ಅದು ಬೇಕು.

ಗೋಧಿ, ಜೋಳ ಮುಂತಾದ ಹುಲ್ಲಿನ ಜಾತಿಗಳಲ್ಲಿ ಪೆಕ್ಟಿನ್ ಅಲ್ಪ. ಆದುದರಿಂದ ಅವುಗಳ ಒಂದು ಕಿಲೋ ಒಣ ಎಲೆಯಲ್ಲಿ 5ರಿಂದ 10 ಮಿಲಿಗ್ರಾಂ ಬೋರಾನ್ ಇದ್ದರೆ ಸಾಕು. ಅಗಲ ಎಲೆಯ ಬಹುತೇಕ ದ್ವಿದಳ ಸಸ್ಯಗಳಿಗೆ 20ರಿಂದ 70 ಬೇಕು. ಗಸಗಸೆಯಂಥ ಹಾಲು ಸುರಿಸುವ ಗಿಡಗಳಿಗೆ 80ರಿಂದ 100.

ಬೇಕೆನ್ನುವುದು ಒಂದು ಮಾತು, ತಾಳಿಕೊಳ್ಳುವುದು ಬೇರೊಂದು ಮಾತು. ಛತ್ರಪತಿ ಸಂಭಾಜಿನಗರದ ಕಡೆ ವಿಶೇಷವಾಗಿ ಬೆಳೆಯುವ ಹತ್ತಿ ಲೀಟರು ನೀರಿಗೆ 6 ಮಿಲಿಗ್ರಾಂ ಬೋರಾನಿದ್ದರೂ ಸಹಿಸಬಲ್ಲುದು. ನಾಶಿಕದ ದ್ರಾಕ್ಷಿಗೆ ಮುಕ್ಕಾಲು ಮಿಲಿಗ್ರಾಂ ಮೀರಿದರೆ ಅಪಾಯ. ಸಂಭಾಜಿನಗರದ ಮೋಸಂಬಿಯೂ ಇಂಥ ಸೂಕ್ಷ್ಮಪ್ರಕೃತಿಯದೇ. ಒಂದೇ ಬಾವಿಯ ನೀರು, ಒಂದೇ ಚೀಲದ ಬಿಳಿಗಾರ, ಒಂದು ಹೊಲಕ್ಕೆ ಅನ್ನವಾದರೆ ಪಕ್ಕದ ತೋಟಕ್ಕೆ ವಿಷವಾದೀತು.

ಹಾಗೆಂದು ಬೋರಾನನ್ನು ಕಡೆಗಣಿಸುವಂತೆಯೂ ಇಲ್ಲ. ಸುಣ್ಣದಂಶ ಹೆಚ್ಚಾದ ಕಪ್ಪು ಮಣ್ಣಿನಲ್ಲಿ ಅದು ಬೇರಿಗೆ ಸುಲಭವಾಗಿ ದೊರೆಯದು. ದೊರೆಯದಿದ್ದರೆ ಹತ್ತಿಯ ಮೊಗ್ಗು ಉದುರುತ್ತದೆ, ದ್ರಾಕ್ಷಿಯ ಗೊಂಚಲು ಜೊಳ್ಳಾಗುತ್ತದೆ. ಆದರೆ ಸಣ್ಣ ಕಾಯಿಗೆ ಬೇರೆ ಕಾರಣಗಳೂ ಉಂಟು. ಆದುದರಿಂದ ಮಣ್ಣು, ನೀರು, ಎಲೆತೊಟ್ಟು ಈ ಮೂರನ್ನೂ ಪರೀಕ್ಷೆ ಮಾಡಿಸಿ, ಆಯಾ ಬೆಳೆಗೆ ತಕ್ಕ ಪ್ರಮಾಣವನ್ನು ತಿಳಿದವರಿಂದ ಕೇಳಿ, ಆಮೇಲೆಯೇ ಪೊಟ್ಟಣ ಬಿಚ್ಚುವುದು ಲೇಸು.

ನಮ್ಮ ಬಳ್ಳಿಗೆ ಒಳ್ಳೆಯ ನೀರನ್ನು ಮತ್ತೆ ಮತ್ತೆ ಹಾಯಿಸಿ, ಹೆಚ್ಚಿನ ಬಿಳಿಗಾರ ಆಳಕ್ಕಿಳಿಯುವಂತೆ ಮಾಡಿದೆವು. ಮರುವರ್ಷದ ಚಿಗುರು ಹಸುರಾಗಿ ಬಂದಿತು. ಊರಿನಿಂದ ನಾವು ತಂದ ಬುದ್ಧಿ ದೊಡ್ಡದೇ ಸರಿ. ಆದರೆ ಬಂದ ನೆಲದಲ್ಲಿ ಅದನ್ನು ಮತ್ತೊಮ್ಮೆ ತೂಗಿ ನೋಡಬೇಕು.