ಕಡಲಾಚೆಯ ಕಾಳಿ

ಅಕ್ಟೋಬರ್ 31ರ ರಾತ್ರಿ. ಇಂಗ್ಲೆಂಡಿನದೋ ಅಮೆರಿಕದ್ದೋ ಒಂದು ಮನೆಯ ಹಿತ್ತಿಲು. ಹತ್ತು ಹನ್ನೆರಡು ಮಂದಿ ವೃತ್ತಾಕಾರವಾಗಿ ನಿಂತಿದ್ದಾರೆ. ನಡುವಿನ ಮೇಜಿನ ಮೇಲೆ ಮೇಣದ ಬತ್ತಿಗಳು, ಈಜಿಪ್ಟಿನ ಐಸಿಸ್, ಗ್ರೀಸಿನ ಹೆಕಟೆ. ಅವರ ಪಕ್ಕದಲ್ಲೇ ನಾಲಿಗೆ ಚಾಚಿದ ನಮ್ಮ ಕಾಳಿ! ನೆರೆದವರಲ್ಲಿ ಒಬ್ಬರೂ ಭಾರತೀಯರಲ್ಲ. ಸೋಜಿಗವೆನಿಸಿದರೂ ಇಂಥ ಪೂಜೆಗಳು ಅಲ್ಲಿ ನಡೆಯುತ್ತವೆ.

ಇವರು ತಮ್ಮನ್ನು 'ಪೇಗನ್'ಗಳೆಂದು ಕರೆದುಕೊಳ್ಳುತ್ತಾರೆ. ಲ್ಯಾಟಿನ್ ಭಾಷೆಯ 'ಪಾಗಾನುಸ್', ಅಂದರೆ ಹಳ್ಳಿಗ, ಎಂಬುದು ಇದರ ಮೂಲ. ಕ್ರೈಸ್ತಮತ ಹರಡಿದ ಮೇಲೆ ಹಳೆಯ ದೇವತೆಗಳನ್ನು ಬಿಡದವರಿಗೆ ಈ ಹೆಸರು ಅಂಟಿತು. ಆ ಪೂಜಾ ಪದ್ಧತಿಗಳು ಯುರೋಪಿನಲ್ಲಿ ಬಹುಮಟ್ಟಿಗೆ ಅಳಿದುಹೋದವು. ಇಂದಿನ ಪೇಗನ್ನರು ಅವನ್ನು ಹೊಸದಾಗಿ ಕಟ್ಟಿಕೊಂಡವರು. ಬ್ರಿಟನ್ನಿನಲ್ಲಿ ಮಾಟಮಂತ್ರದ ವಿರುದ್ಧ ಇದ್ದ 1735ರ ಕಾನೂನು 1951ರಲ್ಲಿ ರದ್ದಾಯಿತು. 1954ರಲ್ಲಿ ಜೆರಾಲ್ಡ್ ಗಾರ್ಡ್ನರ್ ಎಂಬ ನಿವೃತ್ತ ಸುಂಕದ ಅಧಿಕಾರಿ ಬರೆದ ಪುಸ್ತಕ, ಈಗ 'ವಿಕ್ಕಾ' ಎನ್ನುವ ಪಂಥವನ್ನು ಹೊರಜಗತ್ತಿಗೆ ಪರಿಚಯಿಸಿತು. 2021ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ಗಳ ಸುಮಾರು 74,000 ಜನ ತಮ್ಮ ಧರ್ಮ 'ಪೇಗನ್' ಎಂದು ಬರೆಸಿದ್ದಾರೆ.

ವಿಕ್ಕಾದವರ ಹಬ್ಬಗಳು ಎಂಟು. ಎರಡು ವಿಷುವ ದಿನಗಳು, ಅತಿ ದೀರ್ಘ ಹಗಲು, ಅತಿ ದೀರ್ಘ ರಾತ್ರಿ, ಇವು ನಾಲ್ಕು. ಉಳಿದ ನಾಲ್ಕು ಇವುಗಳ ನಡುನಡುವೆ ಬರುತ್ತವೆ. ಅಕ್ಟೋಬರ್ 31 ಸತ್ತವರನ್ನು ನೆನೆಯುವ ಹಬ್ಬ. ಬಂಗಾಳದಲ್ಲಿ ಕಾಳೀಪೂಜೆ ನಡೆಯುವುದು ದೀಪಾವಳಿ ಅಮಾವಾಸ್ಯೆಯ ರಾತ್ರಿ. ಅದು ಸೂರ್ಯನ ಲೆಕ್ಕ, ಇದು ಚಂದ್ರನ ಲೆಕ್ಕ. ಆದರೂ ಎರಡೂ ಹೆಚ್ಚುಕಡಿಮೆ ಒಂದೇ ಕಾಲದಲ್ಲಿ ಬರುತ್ತವೆ.

ಅವರಿಗೆ ಕಾಳಿಯೇ ಏಕೆ ಬೇಕಾದಳು? 1970ರ ದಶಕದಲ್ಲಿ ಅಲ್ಲಿ ಮಹಿಳಾ ಚಳವಳಿ ಬಲವಾಯಿತು. ಯಾರಿಗೂ ತಲೆಬಾಗದ ದೇವಿಯೊಬ್ಬಳನ್ನು ಹಲವು ಸ್ತ್ರೀಯರು ಅರಸುತ್ತಿದ್ದರು. 1972ರಲ್ಲಿ ಅಮೆರಿಕದ 'ಮಿಸ್' ಪತ್ರಿಕೆಯ ಮೊದಲ ಸಂಚಿಕೆಯ ಮುಖಪುಟದಲ್ಲೇ ನೀಲಿ ಮೈಯ, ಎಂಟು ಕೈಗಳ ದೇವಿಯಂಥ ಹೆಂಗಸಿನ ಚಿತ್ರವಿತ್ತು. ಕೈಗಳಲ್ಲಿ ಆಯುಧಗಳಲ್ಲ, ಬಾಣಲೆ, ಇಸ್ತ್ರಿಪೆಟ್ಟಿಗೆ, ಟೆಲಿಫೋನು, ಟೈಪ್‌ರೈಟರು!

ಆದರೆ ಒಂದು ಎಡವಟ್ಟೂ ಆಯಿತು. ಕವಿ ರಾಬರ್ಟ್ ಗ್ರೇವ್ಸ್ 1948ರ ಪುಸ್ತಕವೊಂದರಲ್ಲಿ ದೇವಿಗೆ ಕನ್ಯೆ, ತಾಯಿ, ಮುದುಕಿ ಎಂದು ಮೂರು ರೂಪಗಳನ್ನು ಹೇಳಿದ್ದ. ಅನೇಕ ಪೇಗನ್ನರು ಕಾಳಿಯನ್ನು ಮುದುಕಿಯ ಸ್ಥಾನದಲ್ಲಿ ಕೂರಿಸಿದರು. ನಮ್ಮಲ್ಲಿ ಕಾಳಿ ಮುದುಕಿಯಲ್ಲ. ದಶಮಹಾವಿದ್ಯೆಗಳಲ್ಲಿ ವೃದ್ಧೆ ಎಂದರೆ ಧೂಮಾವತಿ. 1855ರಲ್ಲಿ ಪ್ರತಿಷ್ಠೆಯಾದ ದಕ್ಷಿಣೇಶ್ವರದ ಕಾಳಿಯನ್ನು ರಾಮಕೃಷ್ಣ ಪರಮಹಂಸರು 'ತಾಯಿ' ಎಂದೇ ಕರೆದರು. ಪೇಗನ್ನರಲ್ಲಿ ಹಲವರಿಗೆ ಕಂಡದ್ದು ಅವಳ ಕೋಪ. ಬಂಗಾಳದ ಭಕ್ತನಿಗೆ ಕೋಪದ ಹಿಂದಿನ ತಾಯ್ತನವೂ ಗೊತ್ತು.

ಒಂಬತ್ತನೇ ತರಗತಿಯಲ್ಲಿ ವಿಷುವದ ಪಾಠದ ನಡುವೆ ಇದನ್ನು ಹೇಳಿದೆ. ಹುಡುಗಿಯೊಬ್ಬಳು ಎದ್ದು, "ನಮ್ಮ ದೇವರನ್ನು ಅವರು ಪೂಜೆ ಮಾಡೋದು ತಪ್ಪಲ್ವಾ ಸಾರ್?" ಎಂದಳು. "ತಪ್ಪು" ಎಂದರು ಕೆಲವರು, "ಹೆಮ್ಮೆ" ಎಂದರು ಕೆಲವರು. "ಕಾಳಿ ನಾಲಿಗೆ ಚಾಚಿರುವುದೇಕೆ?" ಎಂದು ಕೇಳಿದೆ. ತರಗತಿ ಮೌನವಾಯಿತು.

ದೇವೀಮಾಹಾತ್ಮ್ಯೆಯ ರಕ್ತಬೀಜನ ಕಥೆ ಹೇಳಿದೆ. ಅವನ ರಕ್ತದ ಒಂದೊಂದು ಹನಿ ನೆಲಕ್ಕೆ ಬಿದ್ದಾಗಲೂ ಒಬ್ಬೊಬ್ಬ ರಕ್ಕಸ ಏಳುತ್ತಾನೆ. ಹೊಡೆದಷ್ಟೂ ಹೆಚ್ಚಾಗುವ ಲೆಕ್ಕ! ಕಾಳಿ ಬಾಯಿ ತೆರೆದು ಹನಿ ನೆಲ ಮುಟ್ಟದಂತೆ ಕುಡಿಯುತ್ತಾಳೆ. ಲೋಕ ಉಳಿಯುತ್ತದೆ. ಹಾಗೆಯೇ, ನಾಚಿ ನಾಲಿಗೆ ಕಚ್ಚಿಕೊಂಡಳೆಂದು ಬಂಗಾಳದ ಜನ ಹೇಳುವ ಕಥೆಯೂ ಇದೆ: ಮೈಮರೆತು ಕುಣಿಯುವಾಗ ಕಾಲ ಕೆಳಗೆ ಗಂಡ ಶಿವನೇ ಸಿಕ್ಕಿದ್ದನಂತೆ.

ಸಸಿಯನ್ನು ಕಿತ್ತು ಬೇರೆಡೆ ನೆಡುವಾಗ ಬೇರಿನ ಸುತ್ತ ಸ್ವಲ್ಪ ಮಣ್ಣು ಉಳಿಸಿಕೊಳ್ಳುತ್ತೇವೆ. ದೇವರಿಗೆ ಆ ಮಣ್ಣೆಂದರೆ ಕಥೆ, ಭಾಷೆ, ಪೂಜಿಸುತ್ತ ಬಂದ ಜನ. ಅದನ್ನು ಗೌರವದಿಂದ ಕೇಳಿ ಕಲಿತು ಪೂಜಿಸುವವರು ಯಾವ ದೇಶದವರಾದರೂ ತಪ್ಪೇನಿದೆ? ಆದರೆ ಪಾಲಕರೇ, ಕಡಲಾಚೆಯವರನ್ನು ತೂಗುವ ಮೊದಲು ಮನೆಯ ಗೋಡೆಯ ಕ್ಯಾಲೆಂಡರು ನೋಡಿ. ಅಲ್ಲಿರುವ ದೇವರ ಕಥೆ ನಿಮ್ಮ ಮಗುವಿಗೆ ಗೊತ್ತೇ?